ಬಿರುಸಕ್ಕ ಆರಿಸಿದ ಹುರುಪೆ

ಮೀನು ಮಾರುಕಟ್ಟೆಯ ಮೂರನೇ ಕಟ್ಟೆಯಲ್ಲಿ ಮೀನು ಹಸನು ಮಾಡಿಕೊಡುತ್ತಿದ್ದವಳನ್ನು ಎಲ್ಲರೂ ಬಿರುಸಕ್ಕ ಅಂತಲೇ ಕರೆಯುತ್ತಿದ್ದರು. ಕೈಯೂ ಬಿರುಸು, ಬಾಯಿಯೂ ಬಿರುಸು. ಇಪ್ಪತ್ತೆರಡು ವರ್ಷ ಅವಳು ಮೀನಿನ ಮೈಮೇಲಿಂದ ಹೆರೆದ ಹುರುಪೆಯೆಲ್ಲ ಚರಂಡಿಯ ಪಾಲಾಗಿತ್ತು.

ಒಂದು ಬೆಳಿಗ್ಗೆ ಕನ್ನಡಕದ ಹುಡುಗಿಯೊಬ್ಬಳು ಬಂದಳು. "ಅಕ್ಕಾ, ಮೀನು ಬೇಡ. ಹುರುಪೆ ಕೊಡ್ತೀರಾ?"

"ಯಾಕಮ್ಮ, ಹಾರ ಪೋಣಿಸ್ತೀಯಾ?"

ಹುಡುಗಿ ಕಣ್ಣಿನ ಲ್ಯಾಬಿನವಳು. ಕಣ್ಣಿನ ಮುಂಭಾಗದ ಗಾಜಿನಂಥ ಪದರ ಕಾರ್ನಿಯಾ. ಅದು ಹಾಳಾದವರಿಗೆಲ್ಲ ಸಾಲುವಷ್ಟು ನೇತ್ರದಾನ ಆಗುವುದಿಲ್ಲ, ಹುರುಪೆಯಿಂದ ಅಂಥ ಪದರ ಮಾಡಲು ನೋಡುತ್ತಿದ್ದೇವೆ ಎಂದಳು. ಬಿರುಸಕ್ಕನ ಚೂರಿ ನಿಂತಿತು. ಅವಳ ನಾದಿನಿಯ ಎರಡೂ ಕಣ್ಣು ಸುಣ್ಣ ಸಿಡಿದು ಮಬ್ಬಾಗಿ ಆರು ವರ್ಷವಾಗಿತ್ತು.

ಅಂದಿನಿಂದ ದಿನವೂ ಐಸ್ ಡಬ್ಬದಲ್ಲಿ ಹುರುಪೆ ಹೋಯಿತು. ಆದರೆ ಮಾಡಿದ ಪದರವೆಲ್ಲ ಮಸುಕು. ಕೊನೆಗೆ ಬಿರುಸಕ್ಕನೇ ಲ್ಯಾಬಿಗೆ ಹೋದಳು.

"ಅಯ್ಯೋ, ಬೆನ್ನಿಂದು ಹೊಟ್ಟೇದು ಎಲ್ಲ ಕಲಸಿಬಿಟ್ಟಿದ್ದೀರಲ್ಲ! ಬೆನ್ನಿಂದು ಕಪ್ಪು, ದಪ್ಪ. ಹೊಟ್ಟೇದು ನೋಡಿ, ನೀರಿನ ಥರ ತಿಳಿ. ಮತ್ತೆ ತೊಳೆಯೋಕೆ ಇಷ್ಟು ಬಿಸಿನೀರಾ? ಮೀನು ತಣ್ಣೀರಿನ ಜೀವ ಕಣ್ರೀ!"

ದೊಡ್ಡ ದೊಡ್ಡ ಡಾಕ್ಟರುಗಳು ಮುಖ ಮುಖ ನೋಡಿಕೊಂಡರು. ಅವಳು ಹೇಳಿದಂತೆ ಮಾಡಿದಾಗ ಬಂದ ಪದರದ ಮೂಲಕ ಪತ್ರಿಕೆಯ ಸಣ್ಣಕ್ಷರವೂ ಕಾಣಿಸಿತು. ಹುರುಪೆ ಆರಿಸುವ ಕೆಲಸವೇ ಅವಳಿಗೆ ಸಿಕ್ಕಿತು, ಜೊತೆಗೊಂದು ಬಿಳಿ ಕೋಟು. "ಡಾಕ್ಟರಮ್ಮಾ, ಒಂದು ಟೀ ಸಿಗುತ್ತಾ?" ಎಂದು ಗಂಡ ರೇಗಿಸುತ್ತಿದ್ದ.

ಪರೀಕ್ಷೆಗಳು ಮುಗಿಯಲು ವರ್ಷಗಳೇ ಹಿಡಿದವು. ಆಮೇಲೆ ಆ ಪದರ ಕೂರಿಸಿಕೊಳ್ಳುವ ಮೊದಲ ಹತ್ತು ಜನರಲ್ಲಿ ಒಬ್ಬಳಾಗಲು ನಾದಿನಿ ಒಪ್ಪಿದಳು.

"ಅತ್ತಿಗೆ, ಮೀನು ಕಣ್ಣು ಮುಚ್ಚಲ್ಲ. ನನಗೂ ನಿದ್ದೆ ಬರದೇ ಹೋದ್ರೆ?"

"ಬರದಿದ್ರೆ ಪಾತ್ರೆ ತೊಳಿ. ಸುಮ್ನೆ ಮಲಗು."

ತಮಾಷೆ ಮಾಡಿದಳೇ ಹೊರತು, ಶಸ್ತ್ರಚಿಕಿತ್ಸೆಯ ದಿನ ಬಿರುಸಕ್ಕ ಆ ಕೋಣೆಯ ಬಾಗಿಲು ಬಿಟ್ಟು ಕದಲಲಿಲ್ಲ.

ಪಟ್ಟಿ ಬಿಚ್ಚಿದಾಗ ಮೊದಲು ಬೆಳಕಷ್ಟೇ ಕಂಡಿತು. ಮೂರನೇ ವಾರ ತಪಾಸಣೆಗೆ ಹೋದಾಗ ನಾದಿನಿ ಎದುರಿಗಿದ್ದ ಅಣ್ಣನನ್ನೇ ಕಣ್ಣು ಕಿರಿದಾಗಿಸಿ ದಿಟ್ಟಿಸಿದಳು.

"ಅಣ್ಣಾ, ನಿನ್ನ ಕೂದಲೆಲ್ಲಿ?"

ಅಣ್ಣ ಬೋಳುತಲೆ ಸವರಿಕೊಂಡ. ಡಾಕ್ಟರು ನಕ್ಕರು, ಕನ್ನಡಕದ ಹುಡುಗಿ ಅತ್ತೇಬಿಟ್ಟಳು. ಬಿರುಸಕ್ಕ ನಾದಿನಿಯನ್ನು ತಬ್ಬಿಕೊಂಡಳು.

ಮನೆಗೆ ಬಸ್ಸು ಬೇಡವೇ ಬೇಡ ಎಂದಳು ನಾದಿನಿ. ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡುಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಓದುತ್ತಾ ನಡೆದಳು.