ಗೇಟಿನ ಹತ್ತಿರ ಹೇಳುವ ಮಾತು

ನಮ್ಮೆಜಮಾನರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ ಶ್ರೀಮಂತರಾಗುವುದು ಹೇಗೆಂದು ಕಲಿಯಲು ಕೂತರು. ಅಷ್ಟು ವರ್ಷ ಬೇರೆಯವರ ದುಡ್ಡಿನ ನಡುವೆಯೇ ಕೂತಿದ್ದಾಗ ಹೊಳೆಯದ ವಿಷಯ ಈಗ ಫೋನಿನಲ್ಲಿ ಹೊಳೆಯಿತು. ಕೋಟು ಹಾಕಿದ ಒಬ್ಬ ಹುಡುಗ, ನನ್ನ ತಮ್ಮನ ಮಗನಷ್ಟು ವಯಸ್ಸಿನವನು, ದಿನಾ ಅದರೊಳಗೆ ಬಂದು ಯಶಸ್ವಿ ಮನುಷ್ಯರ ಅಭ್ಯಾಸಗಳನ್ನು ಹೇಳುತ್ತಿದ್ದ. ಇವರು ಗುರುಗಳ ಮುಂದೆ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳುತ್ತಿದ್ದರು.

ಬೆಳಿಗ್ಗೆ ಐದಕ್ಕೆ ಏಳಬೇಕಂತೆ. ತಣ್ಣೀರು ಸ್ನಾನ ಮಾಡಬೇಕಂತೆ. ಸೋಮವಾರಪೇಟೆಯ ಚಳಿಗಾಲದಲ್ಲಿ ತಣ್ಣೀರಿಗೆ ಕೈ ಹಾಕಿದರೆ ಬೆರಳು ಬೇರೆ ಯಾರದ್ದೋ ಅನ್ನಿಸುತ್ತದೆ. ಎರಡು ದಿನ ಬಚ್ಚಲಿನಿಂದ ಬಂದ ಶಬ್ದಕ್ಕೆ ನಮ್ಮ ನಾಯಿ ಹಿತ್ತಲು ಬಿಟ್ಟು ಕಣದ ಆಚೆ ಹೋಗಿ ಮಲಗಿತು. ಮೂರನೇ ದಿನ ಇವರೇ ಹಂಡೆಗೆ ಬೆಂಕಿ ಹಾಕಿ, “ಉಗುರುಬೆಚ್ಚಗಿದ್ರೂ ಪರವಾಗಿಲ್ಲ ಅಂತ ಇನ್ನೊಂದು ವಿಡಿಯೋದಲ್ಲಿದೆ ಕಣೇ” ಎಂದರು. ಆಮೇಲೆ ಕನ್ನಡಿ ಮುಂದೆ ನಿಂತು ಮುಷ್ಟಿ ಬಿಗಿಹಿಡಿದು “ನನ್ನಿಂದ ಸಾಧ್ಯ” ಎನ್ನುವುದು ಶುರುವಾಯಿತು. “ಸಾಧ್ಯ ಆದ್ರೆ ಆ ಗ್ಯಾಸ್ ಸಿಲಿಂಡರ್ ಸ್ವಲ್ಪ ಒಳಗೆ ತನ್ನಿ” ಎಂದರೆ ಮಾತ್ರ ಕಿವಿ ಕೇಳಿಸುತ್ತಿರಲಿಲ್ಲ.

ಇಷ್ಟಾದರೂ ನಾನು ಸುಮ್ಮನಿದ್ದೆ. ಗಂಡಸರು ಮನೆಯಲ್ಲಿ ಕೂತರೆ ಏನಾದರೊಂದು ಹಚ್ಚಿಕೊಳ್ಳಲೇಬೇಕು, ಇಸ್ಪೀಟಿಗಿಂತ ಇದು ವಾಸಿ ಎಂದುಕೊಂಡೆ. ನನಗೆ ಪಿತ್ತ ನೆತ್ತಿಗೇರಿದ್ದು ಆ ಹುಡುಗ ಹೊಸ ಪಾಠ ಹೇಳಿಕೊಟ್ಟಾಗ. ಸಮಯವೇ ಸಂಪತ್ತು, ಆದ್ದರಿಂದ ಯಾರೇ ಬರಲಿ, ಸುತ್ತುಬಳಸಿ ಮಾತಾಡಲು ಬಿಡಬೇಡಿ, ನೀವೂ ಮಾತಾಡಬೇಡಿ, ನೇರ ವಿಷಯಕ್ಕೆ ಬನ್ನಿ ಎಂದನಂತೆ.

ಅವನಿಗೇನು ಗೊತ್ತು, ಪಾಪ. ನಮ್ಮ ಕಡೆ ಯಾರೂ ವಿಷಯ ಇಟ್ಟುಕೊಂಡು ಬರುವುದಿಲ್ಲ. ಎಲ್ಲರೂ “ಸುಮ್ನೆ ಬಂದೆ” ಎಂದುಕೊಂಡೇ ಬರುತ್ತಾರೆ. ಬಂದು ಕೂರುತ್ತಾರೆ. ಕಾಳುಮೆಣಸಿನ ರೇಟು, ಆನೆ ಯಾರ ಬೇಲಿ ಮುರಿಯಿತು, ಶನಿವಾರಸಂತೆಯಲ್ಲಿ ಹಸಿಮೆಣಸಿನಕಾಯಿ ಬೆಲೆ ಯಾಕೆ ಬಿದ್ದುಹೋಯಿತು ಎಲ್ಲ ಮಾತಾಡುತ್ತಾರೆ. ಕಾಫಿ ಕುಡಿಯುತ್ತಾರೆ, ಇನ್ನರ್ಧ ಲೋಟ ಬೇಡ ಎಂದು ಅದನ್ನೂ ಕುಡಿಯುತ್ತಾರೆ. ಎದ್ದು ಚಪ್ಪಲಿ ಮೆಟ್ಟಿ, ಗೇಟಿನ ತನಕ ಹೋಗಿ, ಚಿಲಕದ ಮೇಲೆ ಕೈಯಿಟ್ಟು ತಿರುಗಿ, “ಅಂದಂಗೆ...” ಎನ್ನುತ್ತಾರೆ. ವಿಷಯ ಬರುವುದು ಆಗ.

ಇದರಲ್ಲಿ ಒಂದು ಮರ್ಯಾದೆ ಇದೆ. ಒಳಗೆ ಕೂತು ಕೇಳಿದರೆ ಇಲ್ಲ ಎನ್ನಲು ಮನೆಯವರಿಗೆ ಸಂಕೋಚ. ಗೇಟಿನ ಹತ್ತಿರವಾದರೆ ಕೇಳುವವರು ಹೇಗೂ ಹೊರಟವರು, ಇಲ್ಲ ಎಂದರೂ ಯಾರ ಮುಖವೂ ಕೆಡುವುದಿಲ್ಲ. ನನ್ನ ಮದುವೆಯ ಪ್ರಸ್ತಾಪವೇ ಹಾಗೆ ಬಂದದ್ದು. ಇವರ ಚಿಕ್ಕಪ್ಪ ಮಧ್ಯಾಹ್ನವೆಲ್ಲ ನಮ್ಮಪ್ಪನ ಹತ್ತಿರ ಏಲಕ್ಕಿಗೆ ಬಂದ ರೋಗದ ವಿಷಯ ಮಾತಾಡಿ, ಊಟ ಮಾಡಿ, ಜೀಪಿಗೆ ಒಂದು ಕಾಲು ಹಾಕಿ, “ಅಂದಂಗೆ ನಮ್ಮ ಹುಡುಗ ಒಬ್ಬ ಬ್ಯಾಂಕಲ್ಲಿದ್ದಾನೆ” ಎಂದಿದ್ದರು. ಆ ಇನ್ನೊಂದು ಕಾಲನ್ನೂ ಒಳಗೆ ಹಾಕಿ ಜೀಪು ಬಿಟ್ಟಿದ್ದರೆ ನಾನು ಎಲ್ಲಿರುತ್ತಿದ್ದೆನೋ ಎಂದು ಈ ವಿಡಿಯೋಗಳ ಕಾಲದಲ್ಲಿ ಎಷ್ಟೋ ಸಲ ಯೋಚಿಸಿದ್ದೇನೆ.

ನಮ್ಮ ಮೇಲಿನ ತೋಟದವರು ನನಗೆ ಅಣ್ಣನ ಹಾಗೆ. ಅಣ್ಣ ಎಂದೇ ಕರೆಯುವುದು. ಹಾಗಾಗಿ ಇವರಿಗೆ ಅವರು ಭಾವ, ಅವರಿಗೆ ಇವರು ಭಾವ. ಜನವರಿ ಕೊನೆಯಲ್ಲಿ ಒಂದು ದಿನ ಅಣ್ಣ ಬಂದರು. ಇವರು ಜಗಲಿಯಲ್ಲೇ ನಿಂತು, “ಬನ್ನಿ ಭಾವ. ಹತ್ತು ನಿಮಿಷ ಇದೆ, ಏನ್ ವಿಷಯ ಹೇಳಿ” ಎಂದರು.

ಅಣ್ಣ ಗಲಿಬಿಲಿಗೊಂಡರು. “ವಿಷಯ ಏನಿಲ್ಲಪ್ಪ. ಸುಮ್ನೆ ಬಂದೆ.”

“ಹಾಗಾದ್ರೆ ಒಳ್ಳೇದು” ಎಂದು ಇವರು ಕೈಗಡಿಯಾರ ನೋಡಿದರು.

ನಾನು ಕಾಫಿ ತರುವಷ್ಟರಲ್ಲಿ ಅಣ್ಣ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಸುಡು ಸುಡು ಕಾಫಿಯನ್ನು ಹಾಗೆಯೇ ಕುಡಿದು ಹೊರಟುಹೋದರು. ನಾಲ್ಕೈದು ದಿನ ಬಿಟ್ಟು ಮತ್ತೆ ಬಂದರು, ಮತ್ತೆ ಅದೇ ಆಯಿತು. ಎರಡು ಸಲವೂ ಇವರು ಗೇಟಿನವರೆಗೆ ಹೋಗಲಿಲ್ಲ. ಯಶಸ್ವಿ ಮನುಷ್ಯರು ಗೇಟಿನವರೆಗೆ ಹೋಗುವುದಿಲ್ಲವಂತೆ.

ಈಗ ನನ್ನ ಗಿಡಗಳ ವಿಷಯ ಹೇಳಬೇಕು. ಅಮ್ಮನ ಕಡೆಯಿಂದ ನನಗೆ ಬಂದದ್ದು ಎರಡು ಎಕರೆ. ಹಳೇ ಗಿಡ ಕಿತ್ತು ರೊಬಸ್ಟಾ ಕಾಫಿ ನೆಟ್ಟದ್ದು ನಾನು. ಬೀಜ ಆರಿಸಿದ್ದು, ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬಿದ್ದು, ಬೇಸಿಗೆಯಲ್ಲಿ ಒಂದೊಂದಕ್ಕೂ ಚೊಂಬಿನಲ್ಲಿ ನೀರು ಹಾಕಿದ್ದು ನಾನು. ಆ ವರ್ಷ ಮೊದಲ ಸಲ ಗಿಡದ ತುಂಬ ಮೊಗ್ಗು ಕೂತಿತ್ತು. ರೊಬಸ್ಟಾದ ಮೊಗ್ಗು ನೀರು ಬೀಳುವವರೆಗೆ ಕಾದು ಕೂರುತ್ತದೆ. ಸರಿಯಾದ ಹೊತ್ತಿಗೆ ಬಿದ್ದರೆ ವಾರ ಕಳೆದು ಅರಳುತ್ತದೆ, ಬೀಳದಿದ್ದರೆ ಕೆಂಪಗಾಗಿ ಸುಟ್ಟುಹೋಗುತ್ತದೆ. ಆಕಾಶದಲ್ಲಿ ಮೋಡದ ತುಂಡೂ ಇರಲಿಲ್ಲ. ಸುತ್ತಮುತ್ತ ನೀರಿದ್ದದ್ದು ಅಣ್ಣನ ಕೆರೆಯಲ್ಲಿ ಮಾತ್ರ. ಆ ಗಿಡಗಳಿಗೆ ಹೂ ಬಾರದೆ ಹೋದರೆ ನಾನು ಆ ಕಡೆ ಕಾಲಿಡುವವಳಲ್ಲ ಅನ್ನಿಸುವಷ್ಟು ಆಸೆ ಇಟ್ಟುಕೊಂಡಿದ್ದೆ.

“ಅಣ್ಣನ ಹತ್ರ ನೀರು ಕೇಳಿ ಬರ್ತೀನಿ” ಎಂದೆ.

“ನೀನು ಹೋದ್ರೆ ಅರ್ಧ ದಿನ. ನಾನು ಐದು ನಿಮಿಷದಲ್ಲಿ ಮುಗಿಸ್ತೀನಿ” ಎಂದು ಇವರು ಅಂಗಿ ಹಾಕಿಕೊಂಡು ಹೊರಟೇಬಿಟ್ಟರು.

ಅಲ್ಲಿ ನಡೆದದ್ದನ್ನು ಆಮೇಲೆ ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಹೇಳಿದರು. ನಮ್ಮಲ್ಲಿ ಅಂಗಳದಲ್ಲೇ ನಿಂತು ಮಾತಾಡುವವರು ಒಂದೇ ಥರದವರು. ಸಾವಿನ ಸುದ್ದಿ ತಂದವರು. ಅವರು ಮೆಟ್ಟಿಲು ಹತ್ತುವುದಿಲ್ಲ, ಕೂರುವುದಿಲ್ಲ, ನೀರೂ ಮುಟ್ಟುವುದಿಲ್ಲ. ಇವರು ಅಂಗಳದ ನಡುವೆ ನೆಟ್ಟಗೆ ನಿಂತು, “ಕೂರಲ್ಲ, ಒಂದು ವಿಷಯ ಹೇಳಕ್ಕೆ ಬಂದೆ” ಎಂದರಂತೆ. ಅತ್ತಿಗೆ ಒಳಗಿನಿಂದಲೇ “ಅಯ್ಯೋ, ಯಾರು?” ಎಂದು ಕಂಬ ಹಿಡಿದು ಕುಸಿದರಂತೆ. ಅಣ್ಣ ಹೆಗಲ ಮೇಲಿನ ಟವೆಲ್ ಕೈಗೆ ತಗೊಂಡು, “ನನ್ನ ತಂಗಿಗೇನಾದ್ರೂ...” ಎಂದು ಓಡಿ ಬಂದರಂತೆ.

“ಅವಳು ಗುಂಡ್‌ಕಲ್ಲಿನಂಗಿದ್ದಾಳೆ. ನಮಗೆ ಎರಡು ದಿನ ಕೆರೆ ನೀರು ಬೇಕು” ಎಂದರಂತೆ ಇವರು.

ಅತ್ತಿಗೆಗೆ ಎದೆ ಹೊಡೆದುಕೊಳ್ಳುವುದು ನಿಲ್ಲಲು ಅರ್ಧ ಗಂಟೆ ಬೇಕಾಯಿತಂತೆ. ಅಣ್ಣ ಟವೆಲ್ ಮತ್ತೆ ಹೆಗಲಿಗೆ ಹಾಕಿಕೊಂಡು, “ನೋಡೋಣ” ಎಂದರಂತೆ.

ಮನೆಗೆ ಬಂದ ಇವರ ಮುಖ ಬೆಳಗುತ್ತಿತ್ತು. “ಆಯ್ತು ಕಣೇ. ನೋಡೋಣ ಅಂದ್ರು. ಪಾಸಿಟಿವ್ ಆಗಿದ್ದಾರೆ.”

ನಾನು ಒಲೆ ಮುಂದೆಯೇ ಕೂತುಬಿಟ್ಟೆ. ನೋಡೋಣ ಎಂದರೆ ಇಲ್ಲ ಎಂದರ್ಥ ಎನ್ನುವುದು ಈ ತಾಲ್ಲೂಕಿನಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಇಲ್ಲೇ ಹುಟ್ಟಿ ಬೆಳೆದ ಮನುಷ್ಯನ ತಲೆಯನ್ನು ಆ ಕೋಟಿನ ಹುಡುಗ ಎಷ್ಟು ಚೆನ್ನಾಗಿ ತೊಳೆದಿದ್ದ ಎಂದರೆ ಅದೂ ಅಳಿಸಿಹೋಗಿತ್ತು.

ಮಾರನೆಯ ದಿನ ಕಂಚಿಕಾಯಿ ಉಪ್ಪಿನಕಾಯಿಯ ಬಾಟಲಿ ಹಿಡಿದು ನಾನೇ ಹೋದೆ. ಸುಮ್ಮನೆ ಬಂದೆ ಎಂದೆ. ಅತ್ತಿಗೆಯ ಜೊತೆ ಅವರೆಕಾಳು ಹಿಚುಕಿದೆ, ಹಸುವಿನ ಕೆಚ್ಚಲು ಬಾವಿನ ಕಥೆ ಕೇಳಿದೆ, ಎರಡು ಸಲ ಕಾಫಿ ಕುಡಿದೆ. ಅಣ್ಣ ಮಾತಾಡಿದರು, ಆದರೆ ಕಣ್ಣು ಕೊಟ್ಟು ಮಾತಾಡಲಿಲ್ಲ. ಹೊರಟಾಗ ಗೇಟಿನ ತನಕ ಬಂದರು. ನಾನು ಚಿಲಕದ ಮೇಲೆ ಕೈಯಿಟ್ಟೆ. ಅವರೇ ಮೊದಲು ಬಾಯಿಬಿಟ್ಟರು.

“ಈ ಸಲ ಮಳೆ ನಂಬಂಗಿಲ್ಲ ತಂಗಿ. ನಿನ್ನ ಗಿಡಕ್ಕೆ ಮೊದಲ್ನೇ ಹೂವು. ನನ್ನ ತೋಟಕ್ಕಿಂತ ಮುಂಚೆ ನಿಂದಕ್ಕೇ ಪೈಪ್ ಹಾಕೋಣ ಅಂತ ಹೇಳಕ್ಕೆ ಎರಡು ಸಲ ನಿಮ್ಮನೆಗೆ ಬಂದೆ. ಭಾವಂಗೆ ಟೈಮಿರ್ಲಿಲ್ಲ. ನಿಮಗೆ ಬೇಡ್ವೇನೋ ಅಂತ ಕೆಳಗಿನ ತೋಟದವ್ರಿಗೆ ಮಾತು ಕೊಟ್ಬಿಟ್ಟೆ. ಅವರದ್ದು ಮುಗಿಯೋ ಹೊತ್ಗೆ ಕೆರೇಲಿ ಕೆಸರು ಬಿಟ್ರೆ ಏನೂ ಇರಲ್ಲ.”

ಬೇಡಲು ಹೊರಟಿದ್ದ ನೀರು ತಾನಾಗಿಯೇ ನಮ್ಮ ಬಾಗಿಲಿಗೆ ಎರಡು ಸಲ ಬಂದಿತ್ತು. ಹತ್ತು ನಿಮಿಷದೊಳಗೆ ಅದನ್ನು ವಾಪಸ್ ಕಳಿಸಿದ್ದರು ನಮ್ಮೆಜಮಾನರು. ದಾರಿಯುದ್ದಕ್ಕೂ ನಾನು ಅತ್ತೆ, ಬೈದೆ, ಮತ್ತೆ ಅತ್ತೆ.

ಮನೆಗೆ ಬಂದು ಎಲ್ಲ ಹೇಳಿದೆ. ಫೋನು ಮೇಜಿನ ಮೇಲೆ ಮಾತಾಡುತ್ತಲೇ ಇತ್ತು. ನಾನು ಅದನ್ನು ಎತ್ತಿ ಅಕ್ಕಿ ಡಬ್ಬಿಯೊಳಗೆ ಹೂತುಬಿಟ್ಟೆ. ಆ ಹುಡುಗ ಅಕ್ಕಿಯೊಳಗಿನಿಂದಲೂ ಸ್ವಲ್ಪ ಹೊತ್ತು ಯಶಸ್ಸಿನ ಬಗ್ಗೆ ಹೇಳಿ ಸುಮ್ಮನಾದ.

ಮಾರನೆಯ ದಿನ ತಿಂಡಿ ತಿಂದು ಇವರು, “ಭಾವನ ಮನೆಗೆ ಹೋಗ್ತೀನಿ” ಎಂದರು.

“ಹೋಗಿ ಕೂತ್ಕೊಳ್ಳಿ. ಬಾಯಿ ಮಾತ್ರ ಬಿಡ್ಬೇಡಿ. ಗೇಟಿನ ಹತ್ರ ಬಂದ್ಮೇಲೆ ಕೇಳಿ” ಎಂದು ಎಳೆ ಮಗುವಿಗೆ ಹೇಳುವ ಹಾಗೆ ಹೇಳಿ ಕಳಿಸಿದೆ.

ಹನ್ನೊಂದಾಯಿತು, ಒಂದಾಯಿತು. ಊಟದ ಹೊತ್ತು ಮೀರಿತು. ಮೂರೂವರೆಗೆ ಇವರು ಗದ್ದೆ ಬದುವಿನ ಮೇಲೆ ನಿಧಾನವಾಗಿ ನಡೆದು ಬರುವುದು ಕಾಣಿಸಿತು. ನಾನು ಅಂಗಳಕ್ಕೆ ಇಳಿದೆ. “ಏನಂದ್ರು?”

“ಯಾವುದಕ್ಕೆ?”

“ನೀರಿಗೆ.”

ಇವರು ಹಣೆ ಚಚ್ಚಿಕೊಂಡರು. “ಅಯ್ಯೋ, ಮರ್ತೇಹೋಯ್ತು ಕಣೇ.”

ಮರೆತೇಹೋಗಿತ್ತಂತೆ. ಅಣ್ಣ ತಮ್ಮ ಅಳಿಯನ ಕಾರು ಮಾಕುಟ್ಟ ಘಾಟಿಯ ತಿರುವಿನಲ್ಲಿ ಕೆಟ್ಟು, ಹಿಂದೆ ಬಂದ ಲಾರಿಯವನು ರಿಪೇರಿ ಮಾಡುವ ಬದಲು ಕೂತು ಅಳಿಯನ ಕೈರೇಖೆ ನೋಡಿದ ಕಥೆ ಹೇಳಿದರಂತೆ. ಅದನ್ನು ನನಗೆ ಹೇಳುವಾಗ ಇವರಿಗೆ ನಗು ತಡೆಯಲಾಗಲಿಲ್ಲ. ಊಟಕ್ಕೆ ಕಡುಬು, ಕೋಳಿ ಸಾರು ಇತ್ತಂತೆ. ಊಟವಾದ ಮೇಲೆ ಜಗಲಿಯ ಕುರ್ಚಿಯಲ್ಲಿ ಕೂತವರಿಗೆ ಹಾಗೆಯೇ ಜೋಂಪು ಹತ್ತಿ, ಎದ್ದಾಗ ಮೂರು ದಾಟಿತ್ತಂತೆ. ನಾಚಿಕೆಯಾಗಿ ಗಡಿಬಿಡಿಯಲ್ಲಿ ಹೊರಟು ಬಂದರಂತೆ. ನಾನು ಬೈಯಲು ಬಾಯಿ ತೆಗೆದೆ. ಆದರೆ ನಿವೃತ್ತರಾದ ಮೇಲೆ ಆ ಮನುಷ್ಯ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ನೀರಿನ ಆಸೆ ಅಲ್ಲಿಗೇ ಬಿಟ್ಟು ಒಳಗೆ ಹೋಗಿ ಇಬ್ಬರಿಗೂ ಕಾಫಿ ಇಟ್ಟೆ.

ಮರುದಿನ ಇನ್ನೂ ಬೆಳಕು ಹರಿಯುತ್ತಿದ್ದಾಗ ಮೋಟರಿನ ಶಬ್ದ ಕೇಳಿಸಿತು. ಓಡಿಹೋಗಿ ನೋಡಿದರೆ ನನ್ನ ಎರಡೆಕರೆಯ ನಡುವೆ ನೀರು ಚಿಮ್ಮಿಸುವ ಜೆಟ್ ತಿರುಗುತ್ತಿದೆ. ಅಣ್ಣನ ಆಳುಗಳು ಪೈಪಿನ ಕೀಲು ಬಿಗಿಯುತ್ತಿದ್ದಾರೆ. ಕೆಳಗಿನವರದ್ದು ಹಳೇ ಗಿಡ, ಎರಡು ದಿನ ತಡೆಯುತ್ತದೆ, ಉಳಿದ ನೀರಲ್ಲೂ ಸುಧಾರಿಸುತ್ತದೆ, ಮೊದಲು ಇಲ್ಲಿಗೆ ಹಾಕಿ ಎಂದು ಅಣ್ಣ ಹೇಳಿ ಕಳಿಸಿದ್ದರಂತೆ. ನಾನು ಸೀರೆ ನೆನೆಯುವುದನ್ನೂ ನೋಡದೆ ಗಿಡಗಳ ನಡುವೆ ನಿಂತುಬಿಟ್ಟೆ. ಖುಷಿಗೆ ಏನು ಮಾಡಬೇಕೆಂದು ತಿಳಿಯದೆ ಆಳುಗಳಿಗೆ ಸುಮ್ಮಸುಮ್ಮನೆ ಗದರಿದೆ.

ಹೂ ಅರಳಿದ ಬೆಳಿಗ್ಗೆ ಅಣ್ಣ ನೋಡಲು ಬಂದರು. ಎರಡೆಕರೆಯೂ ಬೆಳ್ಳಗೆ, ಕೊಂಬೆಯ ತುದಿಯವರೆಗೆ ಹೂವು. ವಾಸನೆಗೆ ತಲೆ ತಿರುಗುವಂತಿತ್ತು. ನಾನು ತಡೆಯಲಾರದೆ ಕೇಳಿದೆ. “ಅಣ್ಣ, ಇವರು ಆವತ್ತು ನೀರಿನ ಮಾತೇ ಎತ್ತಿರ್ಲಿಲ್ಲ. ಮತ್ಯಾಕೆ ಕೊಟ್ರಿ?”

ಅಣ್ಣ ಒಂದು ಕೊಂಬೆ ಬಗ್ಗಿಸಿ ಹೂ ನೋಡುತ್ತಾ ಹೇಳಿದರು. “ಕೇಳಕ್ಕೆ ಬಂದೋನು ಎಚ್ಚರವಾಗೇ ಇರ್ತಾನೆ ತಂಗಿ. ತನ್ನ ಮನೆ ಅನ್ಕೊಂಡೋನು ಮಾತ್ರ ಹಂಗೆ ಬಾಯ್ಬಿಟ್ಕೊಂಡು ಮಲಗ್ತಾನೆ. ನಿಮ್ಮತ್ತಿಗೆ ಭಾವನ ಮೇಲೆ ಶಾಲು ಹೊದ್ಸಿದ್ಲು. ನಾನು ಎಬ್ಬಿಸ್ಬಾರ್ದು ಅಂತ ಹಿತ್ತಲಿಗೆ ಹೋಗಿ ಕೆಳಗಿನವ್ರಿಗೆ ಫೋನ್ ಮಾಡ್ದೆ.”