ಅಜ್ಜಿಯ ಹಚ್ಚೆಯ ಐದನೇ ಸಾಲು

ನನ್ನ ಕೈಯಲ್ಲಿ ಗೆರೆ ನಡುಗುವುದಿಲ್ಲ. ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ, ಅನುಮಾನ ಇದ್ದವರು ಬಂದು ನೋಡಲಿ. ಅರಿಶಿನಕುಂಟೆಯ ಹೆದ್ದಾರಿ ಪಕ್ಕದಲ್ಲಿ, ಬೇಕರಿಯ ಮಹಡಿ ಮೇಲೆ ನನ್ನ ಟ್ಯಾಟೂ ಅಂಗಡಿ ಇದೆ. ಕೆಳಗೆ ಲಾರಿ ಹೋದರೆ ಕಿಟಕಿಯ ಗಾಜು ಅದುರುತ್ತದೆ, ನನ್ನ ಸೂಜಿ ಅದುರುವುದಿಲ್ಲ.

ಈ ಕೈ ಪಳಗಿದ್ದು ನಮ್ಮ ಮನೆಯ ಬಾಗಿಲ ಮುಂದೆ. ಎಂಟನೇ ವಯಸ್ಸಿನಿಂದ ರಂಗೋಲಿ ನನ್ನ ಪಾಲಿನ ಕೆಲಸ. ಚುಕ್ಕಿ ಇಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ. ದೊಡ್ಡವಳಾದ ಮೇಲೆ ಮದುವೆ ಮನೆಗಳಲ್ಲಿ ಮೆಹಂದಿ ಹಾಕಿದೆ. ಅದು ಹದಿನೈದು ದಿನಕ್ಕೆ ಮಾಯವಾಗುವುದು ನನಗೆ ಹಿಡಿಸಲಿಲ್ಲ. ಸೊಂಟ ಮುರಿದುಕೊಂಡು ಬರೆದದ್ದು ಪಾತ್ರೆ ತೊಳೆಯುವ ನೀರಿನಲ್ಲಿ ಹೋಗಿಬಿಟ್ಟರೆ ಯಾರಿಗೆ ಸಿಟ್ಟು ಬರುವುದಿಲ್ಲ? ಹಾಗಾಗಿ ಟ್ಯಾಟೂ ಕಲಿಯಲು ಒಂದು ವರ್ಷ ಬಸ್ಸಿನಲ್ಲಿ ಬೆಂಗಳೂರಿಗೆ ಓಡಾಡಿದೆ. ಮೊದಲು ಬಾಳೆಹಣ್ಣಿನ ಸಿಪ್ಪೆ, ಆಮೇಲೆ ಕುಂಬಳಕಾಯಿ, ಕೊನೆಗೆ ನನ್ನದೇ ತೊಡೆ. ಕಲಿಸುತ್ತಿದ್ದವನು, "ನಿಮ್ ಕೈಗೆ ಬ್ರೇಕೇ ಇಲ್ಲ ಮೇಡಂ" ಎನ್ನುತ್ತಿದ್ದ. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಅಂಗಡಿ ಹಾಕಿದೆ, ಗಿರಾಕಿಗಳೂ ಬಂದರು. ತೋಳಿನ ಮೇಲೆ 'ಅಮ್ಮ' ಎಂದು ಬರೆಸಿಕೊಂಡು, ಅದೇ ಅಮ್ಮನಿಗೆ ಕಾಣದ ಹಾಗೆ ತಿಂಗಳುಗಟ್ಟಲೆ ತುಂಬುತೋಳಿನ ಶರಟು ಹಾಕುವ ಗಂಡುಮಕ್ಕಳೇ ಹೆಚ್ಚು. ನನ್ನ ಅಮ್ಮ ಮಾತ್ರ ಮೆಟ್ಟಿಲು ಹತ್ತಲಿಲ್ಲ.

"ಹಚ್ಚೆ ಚುಚ್ಚೋದು ಊರೂರು ಸುತ್ತೋರ ಕೆಲ್ಸ ಕಣೆ. ನಮ್ಮೋರಲ್ಲಿ ಯಾರಾದ್ರೂ ಮಾಡವ್ರಾ?"

"ಹಾಕಿಸ್ಕೊಳ್ಳೋಕೆ ನಮ್ಮೋರು, ಹಾಕೋಕೆ ಮಾತ್ರ ಬೇರೆಯೋರು. ಚೆನ್ನಾಗಿದೆ ನಿನ್ನ ನ್ಯಾಯ."

ಈ ಜಗಳ ದಿನಾ ಅನ್ನದ ಜೊತೆ ನೆಂಚಿಕೊಳ್ಳಲು ಇರುತ್ತಿತ್ತು. ಕೊನೆಗೆ ಅಮ್ಮನೇ ಒಂದು ಷರತ್ತು ಹಾಕಿದಳು. ಅಮ್ಮನನ್ನು ಸಾಕಿ ಬೆಳೆಸಿದ್ದು ಅವಳ ದೊಡ್ಡಮ್ಮ, ಘಾಟಿ ಕಡೆಯ ಹಳ್ಳಿಯವಳು. ನನಗೆ ಅವಳೇ ಅಜ್ಜಿ. ಅಜ್ಜಿ ಹಾಕಿದ ಗೆರೆಯನ್ನು ಅಮ್ಮ ದಾಟುವುದಿಲ್ಲ. ಆ ಅಜ್ಜಿಯ ಮುಂಗೈ ಮೇಲೆ ಚಿಕ್ಕಂದಿನಲ್ಲಿ ಹಾಕಿಸಿದ ಹಚ್ಚೆ ಮಸುಕಾಗಿತ್ತು. "ಸತ್ತಾಗ ಓಲೆ, ಮೂಗ್ಬೊಟ್ಟು ಎಲ್ಲಾ ಬಿಚ್ಕೊಂಡೇ ಕಳಿಸ್ತಾರೆ. ಜೊತೇಲಿ ಬರೋದು ಇದೊಂದೇಯ. ಇದೂ ಮಾಸ್ತಾ ಐತಲ್ಲ" ಎಂದು ಅವಳಿಗೆ ಕೊರಗು.

"ಅವಳ ಹಚ್ಚೆ ಮತ್ತೆ ತಿದ್ದಿ ಹಾಕು. ಅವಳು ಒಪ್ಪಿದ್ರೆ ನಾನಿನ್ನು ತುಟಿ ಬಿಚ್ಚಲ್ಲ. ಒಪ್ಪಲಿಲ್ವಾ, ಅಂಗಡಿ ಬಾಗ್ಲು ಹಾಕು" ಎಂದಳು ಅಮ್ಮ. ನಾನು ಎರಡನೇ ಮಾತಿಲ್ಲದೆ ಒಪ್ಪಿಕೊಂಡೆ. ಸೋಲುತ್ತೇನೆ ಅನ್ನುವ ಯೋಚನೆಯೇ ನನಗೆ ಬರಲಿಲ್ಲ.

ಒಂದು ಬೆಳಿಗ್ಗೆ ಇಬ್ಬರೂ ಬಂದರು. ಅಜ್ಜಿ ಕನ್ನಡಕ ತೆಗೆದು ಚೀಲದಲ್ಲಿಟ್ಟು ಕೈ ಚಾಚಿದಳು. ಹಚ್ಚೆ ಸರಳವಾಗಿತ್ತು: ಕೆಳಗೆ ಐದು ಚುಕ್ಕಿ, ಅದರ ಮೇಲೆ ನಾಲ್ಕು, ಆಮೇಲೆ ಮೂರು, ಆಮೇಲೆ ಎರಡು. ಅಲ್ಲಿಗೆ ನಿಂತಿತ್ತು. ರಂಗೋಲಿ ಇಟ್ಟವರು ಯಾರಾದರೂ ಹೇಳುತ್ತಾರೆ, ಐದರಿಂದ ಇಳಿದದ್ದು ಒಂದಕ್ಕೆ ಬರಲೇಬೇಕು. ತುದಿಯ ಚುಕ್ಕಿ ಅಳಿಸಿಹೋಗಿದೆ ಎಂದು ನನ್ನ ಕೈಯೇ ತೀರ್ಮಾನಿಸಿಬಿಟ್ಟಿತು. ಕೇಳಬೇಕು ಅಂತಲೂ ಅನಿಸಲಿಲ್ಲ.

ವಯಸ್ಸಾದವರ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಸೂಜಿ ಒಂದು ಕೂದಲು ಆಳಕ್ಕೆ ಇಳಿದರೂ ಬಣ್ಣ ಹರಡಿಕೊಳ್ಳುತ್ತದೆ. ಉಸಿರು ಹಿಡಿದು, ಹಗುರವಾಗಿ, ಒಂದೊಂದೇ ಚುಕ್ಕಿ ಹಾಕುತ್ತಾ ಹೋದೆ. ಒಂದೂ ಹರಡಲಿಲ್ಲ. ಆ ಕೆಲಸಕ್ಕೆ ಇವತ್ತಿಗೂ ನಾನೇ ಪೂರ್ತಿ ಅಂಕ ಕೊಡುತ್ತೇನೆ. ಅಜ್ಜಿ ಒಂದು ಸಲವೂ ಹಾ ಎನ್ನಲಿಲ್ಲ. ಒರೆಸಿ, ತೆಳು ಪ್ಲಾಸ್ಟಿಕ್ ಸುತ್ತಿದೆ. ಅಮ್ಮ ಬಗ್ಗಿ ನೋಡಿ, "ಪರವಾಗಿಲ್ವೇ, ಅಚ್ಚು ಒತ್ತಿದಂಗೆ ಬಂದೈತೆ" ಎಂದಳು. ನಾನು ಗೆದ್ದೆ ಎಂದುಕೊಂಡೆ.

ಅಜ್ಜಿ ಕನ್ನಡಕ ಹಾಕಿಕೊಂಡು ಬೆರಳಿನಿಂದ ಚುಕ್ಕಿಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸುತ್ತಾ ಹೋದಳು. ತುದಿಗೆ ಬಂದಾಗ ಬೆರಳು ನಿಂತಿತು.

"ಇದ್ಯಾಕೆ ಹಾಕ್ದೆ ಮಗ?"

"ಅಳಿಸ್ಹೋಗಿತ್ತಲ್ಲ ಅಜ್ಜಿ."

"ಅಳ್ಸೋಗಿರ್ಲಿಲ್ಲ. ಹಾಕೇ ಇರ್ಲಿಲ್ಲ."

ಆಗ ಅವಳು ಹೇಳಿದಳು. ಅವಳಿಗೆ ಆರೋ ಏಳೋ ವರ್ಷ. ಹಚ್ಚೆ ಹಾಕುವವಳು ಜಗುಲಿ ಮೇಲೆ ಕೂತು ಚುಚ್ಚುತ್ತಿದ್ದಳು. ಮಗು ಕಿರುಚಿಕೊಳ್ಳದಂತೆ ಅಜ್ಜಿಯ ಸೋದರತ್ತೆಯರು ಬಾಯಿ ಮುಚ್ಚಿ, ಕೈಕಾಲು ಅದುಮಿ ಹಿಡಿದಿದ್ದರು. ಇನ್ನೊಂದೇ ಚುಕ್ಕಿ ಉಳಿದಿತ್ತು. ಅಷ್ಟರಲ್ಲಿ ಅವಳ ತಾಯಿ ಒಳಗಿನಿಂದ ಬಂದು, ನಾದಿನಿಯರನ್ನು ತಳ್ಳಿ, ಮಗುವಿನ ಕೈ ಬಿಡಿಸಿಕೊಂಡು, "ಸಾಕು ಬುಡ್ರವ್ವಾ, ಕೂಸಿಗೆ ನೋಯ್ತದೆ" ಎಂದಳು. ಆ ವರ್ಷವೇ ಜ್ವರ ಬಂದು ತಾಯಿ ತೀರಿಕೊಂಡಳು.

"ಅವ್ವನ ಮುಖ ನೆಪ್ಪಿಲ್ಲ ನಂಗೆ. ಆ ಮಾತೊಂದೇ ನೆಪ್ಪು. ಅವ್ವ ಬೇಕು ಅನ್ಸಿದಾಗೆಲ್ಲ ಈ ಖಾಲಿ ಜಾಗ ಮುಟ್ಕೊತಿದ್ದೆ" ಎಂದಳು.

ಮೆಹಂದಿ ಮಾಯವಾಗುತ್ತದೆಂದು ಸಿಟ್ಟು ಮಾಡಿಕೊಂಡವಳು ನಾನು. ಈ ಒಂದು ಚುಕ್ಕಿ ಮಾಯವಾಗಲಿ ಎಂದು ಆ ಹೊತ್ತು ಎಷ್ಟು ಬೇಡಿಕೊಂಡೆನೋ. ಲೇಸರ್‌ನಲ್ಲಿ ತೆಗೆಸೋಣ ಎಂದೆ. ಆ ಚರ್ಮ ಅದನ್ನು ತಡೆಯುವುದಿಲ್ಲ ಎಂದು ಹೇಳುವಾಗಲೇ ಗೊತ್ತಿತ್ತು. ನಾಚಿಕೆಯಿಂದ ಅಳು ಬಂತು, ತಡೆಯಲು ಹೋಗಲಿಲ್ಲ.

ಅಮ್ಮ ಶುರು ಮಾಡಿದಳು. "ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ? ಎಲ್ಲಾ ಗೊತ್ತು ಅನ್ನೋ ಕೊಬ್ಬು. ಇಷ್ಟು ವರ್ಷ ಜೋಪಾನ ಮಾಡಿದ್ದನ್ನ ಒಂದು ಗಳಿಗೇಲಿ ಹಾಳ್ಮಾಡ್ದೆ. ನಡಿ, ಹಾಕು ಬಾಗ್ಲು." ಅವಳು ಹೇಳಿದ್ದೆಲ್ಲ ನಿಜವೇ ಆಗಿತ್ತು. ನಾನು ಎದ್ದು ಮೆಷಿನ್ನಿನ ಸ್ವಿಚ್ಚು ಆರಿಸಿದೆ.

ಅಜ್ಜಿ ಪ್ಲಾಸ್ಟಿಕ್ ಸುತ್ತಿದ ಕೈಯಿಂದಲೇ ಅಮ್ಮನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದಳು.

"ಸಾಕು ಬುಡವ್ವಾ," ಎಂದಳು. "ಕೂಸಿಗೆ ನೋಯ್ತದೆ."