ಅರ್ಜಿಯಲ್ಲಿ ನಾನು ಬರೆದ ‘ಇಲ್ಲ’

ಈ ಬರಹದಲ್ಲಿ ಲೋಪಗಳಿದ್ದರೆ ಓದುಗರು ಮನ್ನಿಸಬೇಕು. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. ಇಂದಿಗೂ ಒಂದು ರಜಾ ಅರ್ಜಿಯನ್ನು ಎರಡು ಸಲ ಓದದೆ ಸಹಿ ಹಾಕುವುದಿಲ್ಲ. ವೈದ್ಯಕೀಯ ಸಂಗತಿಗಳನ್ನು ಅಂದು ನನಗೆ ಅರ್ಥವಾದಷ್ಟೇ ಇಲ್ಲಿ ಹೇಳಬಲ್ಲೆ. ಯಾರು ಯಾವ ಮಾತನ್ನು ಮೊದಲು ಆಡಿದರೆಂಬುದು ಹಿಂದುಮುಂದಾಗಿರಬಹುದು. ಆದರೆ ಭಯದ ವಿಷಯದಲ್ಲಿ ನನ್ನ ನೆನಪು ತಪ್ಪಿರಲಾರದು.

ಅದು ಎಂಬತ್ತರ ದಶಕದ ಆರಂಭ. ನಾವು ಗೋವಿಂದರಾಜನಗರದಲ್ಲಿ ಬಾಡಿಗೆಗಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ನಾಲ್ಕು ಸಂಸಾರಗಳಿಗೆ ಒಂದೇ ನಲ್ಲಿ. ಅಪ್ಪ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಕೆಲಸಗಾರರು. ನಾನು ಬಿ.ಎ. ಮುಗಿಸಿ, ವಿಜಯನಗರದಲ್ಲಿ ಬೆರಳಚ್ಚು ಕಲಿಯುತ್ತಾ, ಸಿಕ್ಕ ಸಿಕ್ಕ ಹುದ್ದೆಗೆಲ್ಲ ಅರ್ಜಿ ಹಾಕುತ್ತಿದ್ದೆ. ಆ ವರ್ಷ ಅಮ್ಮನಿಗೆ ಮುಟ್ಟಿನ ಸ್ರಾವ ನಿಲ್ಲದಾಯಿತು. ತಿಂಗಳುಗಟ್ಟಲೆ ಅವಳು ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ನಲ್ಲಿಯ ಬಳಿ ಅರ್ಧ ತುಂಬಿದ ಕೊಡದ ಪಕ್ಕದಲ್ಲೇ ಕುಳಿತುಬಿಟ್ಟಳು, ಎತ್ತಿದರೂ ಏಳಲಾಗಲಿಲ್ಲ. ಅವಳ ತುಟಿ ಬಿಳಿ ಕಾಗದದಂತಿತ್ತು.

ಆಸ್ಪತ್ರೆಗೆ ಸೇರಿಸಿದೆವು. ಗರ್ಭಕೋಶದಲ್ಲಿ ಗಡ್ಡೆಯಿದೆಯೆಂದರು, ತೆಗೆಯಲೇಬೇಕೆಂದರು. ಗುರುವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಅದಕ್ಕೆ ಮೊದಲು ಮನೆಯವರು ಅಲ್ಲಿಯ ರಕ್ತನಿಧಿಗೆ ಎರಡು ಬಾಟಲಿ ರಕ್ತ ಕೊಟ್ಟು ಚೀಟಿ ತರಬೇಕು. ಚೀಟಿ ಬಾರದಿದ್ದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಮತ್ತೆ ಯಾವ ವಾರ ಬರುವುದೋ ಹೇಳಲಾಗದು.

ನಮ್ಮ ಬಳಗದಲ್ಲಿ ಅದುವರೆಗೆ ಯಾರೂ ರಕ್ತ ಕೊಟ್ಟವರಿರಲಿಲ್ಲ. ಮಾತು ಎತ್ತಿದೊಡನೆ ಅಪ್ಪ ಗೋಡೆ ನೋಡಿದರು. “ಒಂದು ತೊಟ್ಟು ರಕ್ತ ಊರಬೇಕಾದ್ರೆ ಎಷ್ಟು ಮುದ್ದೆ ಉಣ್ಣಬೇಕು ಗೊತ್ತೇನೋ? ನಾನು ಮಿಷನ್ ಮುಂದೆ ತಲೆ ತಿರುಗಿ ಬಿದ್ರೆ ಕೈ ಹೋಗುತ್ತೆ.” ಸುಳ್ಳೆಂದು ಹೇಳುವಂತಿರಲಿಲ್ಲ, ಅವರ ಜೊತೆಗಾರನೊಬ್ಬನ ಎರಡು ಬೆರಳು ಹಾಗೆಯೇ ಹೋಗಿದ್ದವು. ಪಕ್ಕದ ಮನೆಯ ಆಂಟಿ ನನ್ನನ್ನು ಬದಿಗೆ ಕರೆದು, “ಮದುವೆ ಆಗ್ದಿರೋ ಹುಡುಗ ಕಣಪ್ಪ ನೀನು. ರಕ್ತ ಕೊಟ್ರೆ ನರ ಬತ್ತಿಹೋಗುತ್ತೆ ಅಂತಾರೆ. ನೋಡ್ಕೊಂಡು ಮಾಡು” ಎಂದರು. ಓದಿದವನಾದ ನಾನು ಇವನ್ನೆಲ್ಲ ನಂಬುವವನಲ್ಲವೆಂದು ತೋರಿಸಿಕೊಂಡೆ. ಒಳಗೆ ನಂಬಿದ್ದೆ.

ಉಳಿದವರು ಸೋದರಮಾವ. ಹಳೆ ಕೆಂಗೇರಿಯಲ್ಲಿ ಅವರದೊಂದು ಹಿಟ್ಟಿನ ಗಿರಣಿ. ಎತ್ತರದ, ಗಟ್ಟಿ ದನಿಯ ಮನುಷ್ಯ. ಎಷ್ಟು ತೊಳೆದರೂ ಹುಬ್ಬಿನಲ್ಲಿ ರಾಗಿಹಿಟ್ಟು ಉಳಿದಿರುತ್ತಿತ್ತು. ಅವರ ಮಗಳನ್ನು ನನಗೆ ತಂದುಕೊಳ್ಳುವುದೆಂದು ಹಿರಿಯರಲ್ಲಿ ಮಾತಾಗಿತ್ತು. ಆದ್ದರಿಂದ ಅವರ ಮುಂದೆ ನನಗೆ ಎರಡು ಪಟ್ಟು ಸಂಕೋಚ.

ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಅವರು ಬಂದಿಳಿದರು. “ಏನ್ ಭಾವ, ರಕ್ತ ಅಂದ್ರೆ ಜ್ವರ ಬಂತಂತೆ ನಿಮಗೆ? ನನ್ನ ಅಕ್ಕಂಗೆ ನಾನಿದೀನಿ ಬಿಡಿ. ನೀವು ಡ್ಯೂಟಿಗೆ ಹೋಗಿ, ಲೇತು ಕಾಯ್ತಾ ಇರುತ್ತೆ.” ಅಪ್ಪ ನಗಲು ಯತ್ನಿಸಿ, ಊಟದ ಡಬ್ಬಿ ಹಿಡಿದು ಹೊರಟರು.

ರಕ್ತನಿಧಿಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಅರ್ಜಿ ಕೊಟ್ಟರು. ನನ್ನದನ್ನು ತುಂಬಿ, ಮಾವನದನ್ನು ಕೈಗೆತ್ತಿಕೊಂಡೆ. “ನೀನು ಕೇಳು, ನಾನು ಹೇಳ್ತೀನಿ” ಎಂದು ಅವರು ಬೆಂಚಿನ ಮೇಲೆ ಕಾಲಮೇಲೆ ಕಾಲು ಹಾಕಿ ಕುಳಿತರು. ಸಕ್ಕರೆ ಕಾಯಿಲೆ, ಇಲ್ಲ. ಕ್ಷಯ, ಇಲ್ಲ. ನಾಲ್ಕನೆಯ ಸಾಲಿನಲ್ಲಿ ಕಾಮಾಲೆಯ ಬಗ್ಗೆ ಪ್ರಶ್ನೆಯಿತ್ತು.

ಹಿಂದಿನ ವರ್ಷ ಮಾವನ ಕಣ್ಣು ಅರಿಶಿನದಂತೆ ಹಳದಿಯಾಗಿತ್ತು. ಅವರು ಯಾವ ಡಾಕ್ಟರ ಬಳಿಗೂ ಹೋಗಲಿಲ್ಲ. ಮಾಗಡಿ ಕಡೆಯ ಹಳ್ಳಿಯೊಂದರ ಪಂಡಿತರು ಮಣಿಕಟ್ಟಿಗೆ ಬರೆ ಹಾಕಿ, ನೆಲನೆಲ್ಲಿ ರಸವನ್ನು ಮಜ್ಜಿಗೆಯಲ್ಲಿ ಕುಡಿಸಿ, ಉಪ್ಪು ಎಣ್ಣೆ ಬಿಡಿಸಿದ್ದರು. ಆ ಗುರುತು ಈಗಲೂ ಅವರ ಕೈಗಡಿಯಾರದ ಪಟ್ಟಿಯ ಕೆಳಗಿತ್ತು.

“ಮಾವ, ಕಾಮಾಲೆ ಆಗಿತ್ತಾ ಅಂತ ಕೇಳಿದಾರೆ.”

“ಎಲ್ಲಿ ಆಗಿತ್ತು?”

“ಹೋದ ವರ್ಷ, ಕಣ್ಣು...”

“ಅದು ಪಿತ್ತ ಕಣೋ. ಪಂಡಿತ್ರು ಇಳಿಸಿಬಿಟ್ರಲ್ಲ? ಇಳಿದ್ಮೇಲೆ ಇಲ್ಲ ತಾನೇ? ಡಾಕ್ಟ್ರು ಒಬ್ಬರಾದ್ರೂ ಹೇಳಿದ್ರಾ ಕಾಮಾಲೆ ಅಂತ? ಇಲ್ಲ ಅಂತ ಹಾಕು. ಬಿ.ಎ. ಮಾಡಿದೋನು ಇದಕ್ಕೆಲ್ಲ ಬೆವರ್ತೀಯಲ್ಲೋ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ನಮ್ಮವರ ಲೆಕ್ಕದಲ್ಲಿ ಡಾಕ್ಟರು ಹೆಸರಿಡದ ಕಾಯಿಲೆ ಕಾಯಿಲೆಯಲ್ಲ. ಪಂಡಿತರು ಇಳಿಸಿದ ಮೇಲೆ ಅದು ಬಂದೇ ಇರಲಿಲ್ಲವೆಂದರ್ಥ. ಸುಳ್ಳಾಗಿದ್ದು ನನ್ನ ಕೈಯಲ್ಲಿ, ಏಕೆಂದರೆ ಆ ಪ್ರಶ್ನೆ ಏಕಿದೆಯೆಂದು ನನಗೆ ತಿಳಿದಿತ್ತು. ಕಾಲೇಜಿನಲ್ಲಿ ಒಮ್ಮೆ ರಕ್ತದಾನದ ಬಗ್ಗೆ ಉಪನ್ಯಾಸ ನಡೆದಾಗ, ಕಾಮಾಲೆಯಾದವರ ರಕ್ತದಿಂದ ಪಡೆದವರಿಗೂ ಅದು ಅಂಟಬಹುದೆಂದು ಹೇಳಿದ್ದರು. ಮಾವನ ಮುಖ ನೋಡಿದೆ. ಗುರುವಾರವನ್ನು ನೆನೆದೆ. ‘ಇಲ್ಲ’ ಎಂದು ಬರೆದೆ.

ಸೂಜಿಯ ವಿಷಯ ಹೆಚ್ಚು ಹೇಳುವುದಿಲ್ಲ. ನಾನು ಮೊದಲು ಮಲಗಿದೆ. ಕೆಳಗೆ ಗಾಜಿನ ಬಾಟಲಿ ತುಂಬುವುದನ್ನು ನೋಡಬಾರದೆಂದುಕೊಂಡು ನೋಡಿದೆ. ಪಕ್ಕದ ಮಂಚದಲ್ಲಿ ಮಾವ, “ಎತ್ಕೊಳ್ಳಿ ಸಾರ್, ಒಂದು ಕೊಡ ಎತ್ಕೊಳ್ಳಿ” ಎಂದು ನಗಿಸುತ್ತಿದ್ದರು. ಆಮೇಲೆ ಕಾಫಿ, ಬಿಸ್ಕತ್ತು. ಕಾಫಿ ಹೀರುತ್ತಾ ಅವರು ಅಲ್ಲಿಯ ಟೆಕ್ನಿಷಿಯನ್‌ರನ್ನು ಕೇಳಿದರು: “ನಂದು ಅಕ್ಕಂಗೇ ಹಾಕ್ತೀರಾ?”

“ಇಲ್ಲ, ನಿಮ್ಮ ಗುಂಪು ಬೇರೆ. ಅವರಿಗೆ ನಮ್ಮ ಹತ್ರ ಇರೋದರಲ್ಲಿ ಹೊಂದೋದು ಕೊಡ್ತೀವಿ. ನಿಮ್ಮದು ಬೇರೆ ಯಾರಿಗಾದ್ರೂ ಹೋಗುತ್ತೆ.”

ನಿಜ ಹೇಳಬೇಕೆಂದರೆ, ಆ ಕ್ಷಣ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಮ್ಮನಿಗೆ ಹೋಗುವುದಿಲ್ಲ. ಅಷ್ಟೇ ಸಾಕಿತ್ತು ನನಗೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಗ ಕಿಟಕಿಯ ಬಳಿಗೆ ಒಬ್ಬ ಮುದುಕರು ಬಂದು ಚೀಟಿ ಚಾಚಿದರು. ಹೆರಿಗೆಯಾದ ಸೊಸೆಗೆ ರಕ್ತ ಬೇಕಾಗಿತ್ತು. ಟೆಕ್ನಿಷಿಯನ್ ಚೀಟಿ ನೋಡಿ, ಮಾವನ ಕಡೆ ಕೈ ತೋರಿಸಿ, “ಈ ಗುಂಪು ಈಗ ತಾನೇ ಒಂದು ಬಂದಿದೆ. ಪರೀಕ್ಷೆ ಆಗ್ಲಿ, ಸಂಜೆ ಬನ್ನಿ ತಾತ” ಎಂದರು. ಮುದುಕರು ಮಾವನ ತೋಳಿನ ಹತ್ತಿ ನೋಡಿ ಕೈ ಮುಗಿದರು. “ಪುಣ್ಯ ಬರುತ್ತೆ ಕಣಪ್ಪ.” ಮಾವನ ಕಣ್ಣು ತುಂಬಿತು. ನಾನು ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ಹಾಕಿದೆ.

ವಾರ್ಡಿಗೆ ಹೋದೆವು. ಮಾವ ಅಮ್ಮನಿಗೆ ಎಲ್ಲವನ್ನೂ ವರ್ಣಿಸಿದರು. ಅಮ್ಮ ತಮ್ಮನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದಳು; ವಾರದಿಂದ ಮೊದಲ ಬಾರಿಗೆ ಅವಳ ಮುಖ ಸಡಿಲವಾಗಿತ್ತು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಹೇಳಿದರೆ ನಾಳೆಯ ಶಸ್ತ್ರಚಿಕಿತ್ಸೆ ಹೋಗುತ್ತದೆ, ಅಮ್ಮ ಇನ್ನೊಂದು ವಾರ ತಡೆಯುತ್ತಾಳೋ ಇಲ್ಲವೋ. ಹೇಳದಿದ್ದರೆ, ಯಾರೋ ಬಾಣಂತಿ. ಪರೀಕ್ಷೆಯಲ್ಲಿ ತಾನಾಗಿಯೇ ಗೊತ್ತಾಗಬಹುದು, ಗೊತ್ತಾಗದೆಯೂ ಹೋಗಬಹುದು. ಸುಳ್ಳು ಬರೆದದ್ದಕ್ಕೆ ಪೊಲೀಸರನ್ನು ಕರೆಸಿದರೆ? ಸರಕಾರಿ ಕೆಲಸ ಸಿಗದಂತಾದರೆ? ನನ್ನ ಭಯಗಳಲ್ಲಿ ದೊಡ್ಡದು ಯಾವುದು, ಸಣ್ಣದು ಯಾವುದು ಎಂದು ವಿಂಗಡಿಸುವ ಶಕ್ತಿ ನನಗಿರಲಿಲ್ಲ.

ಮೂರು ಗಂಟೆಗೆ, ಕಾಫಿ ತರುತ್ತೇನೆಂದು ಹೇಳಿ ಕೆಳಗಿಳಿದೆ. ಟೆಕ್ನಿಷಿಯನ್‌ರ ಮುಂದೆ ನಿಂತು, ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಹೇಳಿದೆ. ಅವರು ಗದರಿಸಲಿಲ್ಲ. ಅರ್ಜಿ ತೆಗೆದು ನಾಲ್ಕನೆಯ ಸಾಲು ನೋಡಿದರು.

“ಬರೆದಿದ್ದು ಯಾರು?”

“ನಾನೇ ಸಾರ್.”

“ಓದಿದೀರಿ ಅಲ್ವಾ?”

“ಹೌದು ಸಾರ್.”

ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡ ಗೆರೆ ಎಳೆದರು. “ಆ ಬಾಟಲಿ ಆಗಲ್ಲ. ಐದರೊಳಗೆ ಇನ್ನೊಬ್ಬರನ್ನ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ನಾಳೆ ಲಿಸ್ಟಲ್ಲಿ ನಿಮ್ಮ ತಾಯಿ ಹೆಸರಿರಲ್ಲ.”

ಮೇಲೆ ಹೋದಾಗ ಅಪ್ಪ ಪಾಳಿ ಮುಗಿಸಿ ಬಂದಿದ್ದರು. ಮೂವರೂ ಕೇಳುವಂತೆ ನಡೆದದ್ದನ್ನು ಹೇಳಿದೆ. ಮಾವ ಮೆಲ್ಲಗೆ ಎದ್ದು ನಿಂತರು.

“ನನ್ನ ರಕ್ತ ಮೋರಿಗೆ ಸುರಿಸ್ದೆ ಅನ್ನು.”

“ಮಾವ, ಆ ಬಾಣಂತಿಗೆ...”

“ಬೆಳಿಗ್ಗೆ ನೀನೇ ಬರೆದೆ. ಆಗ ನಿನ್ನ ಓದು ಎಲ್ಲಿ ಹೋಗಿತ್ತು? ಆ ಮುದುಕ ನಂಗೆ ಕೈ ಮುಗಿದ ಕಣೋ. ಈಗ ಊರೆಲ್ಲ ನಾನು ರೋಗಿಷ್ಟ ಅನ್ನೋ ಹಾಗಾಯ್ತು. ನನ್ನ ಮನೇಲಿ ಹೆಣ್ಣುಮಗು ಇದೆ, ಜ್ಞಾಪಕ ಇದೆಯಾ?”

ಅಮ್ಮ ಮಂಚದಿಂದ, “ಕೂತ್ಕೊಳ್ಳೋ, ಕೂತ್ಕೊಳ್ಳೋ” ಎನ್ನುತ್ತಿದ್ದಳು. ಅವರು ಕೂರಲಿಲ್ಲ. ಅವರ ಚಪ್ಪಲಿಯ ಸದ್ದು ಮೆಟ್ಟಿಲಿನ ಕೊನೆಯವರೆಗೂ ಕೇಳಿಸಿತು.

ಅಪ್ಪ ಊಟದ ಡಬ್ಬಿಯನ್ನು ಮಂಚದ ಕೆಳಗೆ ಸರಿಸಿದರು. “ಎಲ್ಲಿ ಕೊಡೋದು, ತೋರ್ಸು” ಎಂದರು. ಮೆಟ್ಟಿಲಿಳಿಯುವಾಗ ಅವರು ಗೋಡೆ ಹಿಡಿದುಕೊಂಡಿದ್ದರು. ಅರ್ಜಿ ಕೈಗೆತ್ತಿಕೊಂಡಾಗ ನನ್ನ ಮೊಣಕೈ ಮುಟ್ಟಿ ಹೇಳಿದರು: “ಎಲ್ಲಾನೂ ಕೇಳು. ಒಂದೂ ಬಿಡಬೇಡ.”

“ಕುಡಿಯೋ ಅಭ್ಯಾಸ ಇದೆಯಾ ಅಂತ ಇದೆ.”

“ಸಂಬಳದ ದಿನ. ಹಾಗೇ ಹಾಕು. ನಿಮ್ಮಮ್ಮಂಗೂ ಗೊತ್ತು.”

ಟೆಕ್ನಿಷಿಯನ್ ನಕ್ಕರು. ಅಪ್ಪ ನಗಲಿಲ್ಲ. ಸೂಜಿ ಚುಚ್ಚುವಾಗ ನನ್ನ ಕೈ ಹಿಡಿದರು. ಲೇತ್ ಯಂತ್ರ ಗಟ್ಟಿಮಾಡಿದ್ದ ಆ ಕೈ ಬಾಟಲಿ ತುಂಬುವವರೆಗೂ ನನ್ನ ಕೈಯನ್ನು ಬಿಡಲಿಲ್ಲ. ಮುಗಿದ ಮೇಲೆ ಅಲ್ಲೇ ವಾಂತಿ ಮಾಡಿಕೊಂಡು, ಯಾರೂ ಕೇಳದಿದ್ದರೂ ಎಲ್ಲರಲ್ಲಿಯೂ ಕ್ಷಮೆ ಕೇಳಿದರು. ಐದಕ್ಕೆ ಮೊದಲು ಎರಡನೆಯ ಚೀಟಿ ನಮ್ಮ ಕೈಯಲ್ಲಿತ್ತು. ಹೊರಗಿನ ಬೆಂಚಿನ ಮೇಲೆ ಆ ಮುದುಕರು ಕಾದು ಕುಳಿತಿದ್ದರು. ಅವರ ಸೊಸೆಗೆ ರಕ್ತ ಎಲ್ಲಿಂದ ಒದಗಿತು, ಒದಗಿತೋ ಇಲ್ಲವೋ, ನಾನು ತಿಳಿದುಕೊಳ್ಳಲಿಲ್ಲ. ಕೇಳಲು ಧೈರ್ಯವಾಗಲಿಲ್ಲ.

ಗುರುವಾರ ಅಮ್ಮನ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಹತ್ತು ದಿನಗಳ ನಂತರ ಮನೆಗೆ ಬಂದಳು. ಸ್ರಾವ ಮತ್ತೆ ಕಾಣಿಸಿಕೊಳ್ಳಲಿಲ್ಲ. ಅಪ್ಪ ಒಂದು ದಿನವೂ ಯಂತ್ರದ ಮುಂದೆ ತಲೆ ತಿರುಗಿ ಬೀಳಲಿಲ್ಲ, ಆದರೆ ಮತ್ತೆಂದೂ ರಕ್ತ ಕೊಡಲೂ ಇಲ್ಲ. ಮಾವನ ಮಗಳನ್ನು ಮರುವರ್ಷ ಬೇರೆ ಕಡೆ ಕೊಟ್ಟರು. ನಮಗೆ ಲಗ್ನಪತ್ರಿಕೆ ಬರಲಿಲ್ಲ. ಗೌರಿ ಹಬ್ಬಕ್ಕೆ ಅಮ್ಮನಿಗೆ ತವರಿನಿಂದ ಬಾಗಿನ ಬರುವುದು ಆ ವರ್ಷಕ್ಕೆ ನಿಂತಿತು, ಇಂದಿನವರೆಗೂ ಬಂದಿಲ್ಲ.